ಕೆಳಗಡೆ ಅಂಚೇ ಇಲ್ಲ

ಹೆಂಡತಿ: ನನ್ನ ಹನ್ನೆರಡು ಕೋಟಿನ ಅಳತೆ ಎಲ್ರೀ?

ಮೇಷ್ಟ್ರು: ಒಳಗೇ ಇದಾವೆ ಕಣೇ. ನಿನ್ನ ಫೈಲು ನಾನು ಮುಟ್ಟಿಲ್ಲ. ಅದರ ಸುತ್ತ ಇರೋದನ್ನ ಬದಲಾಯಿಸ್ತಾ ಇದೀನಿ, ಅಷ್ಟೆ.

ಹೆಂಡತಿ: ಅಂದ್ರೆ ಮನೆ ಕೆಡವಿದೀರಿ, ಬೀರು ಮಾತ್ರ ಮುಟ್ಟಿಲ್ಲ.

ಹೆಂಡತಿ ದರ್ಜಿ. ಲೈನಿಂಗ್ ಬಟ್ಟೆ ತರಲು ಅವಳು ಬೆಳಿಗ್ಗೆ ಅತ್ತ ಹೋದದ್ದೇ ತಡ, ನಿವೃತ್ತ ಮೇಷ್ಟ್ರು ಅವಳ ಕಂಪ್ಯೂಟರಿಗೆ ಇನ್ನೂ ಬಿಡುಗಡೆಯಾಗದ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಲು ಕೂತಿದ್ದರು. ಅದರ ತಪ್ಪು ಹುಡುಕಿ ಕಂಪನಿಗೆ ಬರೆದು ತಿಳಿಸುವ ಸಾವಿರಾರು ಪರೀಕ್ಷಕರಲ್ಲಿ ಅವರೂ ಒಬ್ಬರು. ಒಂದು ವರ್ಷದಿಂದ ಬರೆದ ಹದಿನೇಳು ಪತ್ರಗಳಿಗೂ ಒಂದೇ ಉತ್ತರ: 'ಈ ತಪ್ಪು ನಮಗೆ ಮೊದಲೇ ಗೊತ್ತಿದೆ.' ಒಂದಾದರೂ ಹೊಸ ತಪ್ಪು ಸಿಗಲಿಲ್ಲವಲ್ಲ ಎಂದು ಮೇಷ್ಟ್ರಿಗೆ ಊಟ ರುಚಿಸುತ್ತಿರಲಿಲ್ಲ.

ಹೆಂಡತಿ: ನಿಮ್ಮ ಕಂಪ್ಯೂಟರಿಗೆ ಹಾಕ್ಕೋಬಾರದಿತ್ತಾ?

ಮೇಷ್ಟ್ರು: ಅದು ಹೋದ ಸಲದ ಪರೀಕ್ಷೇಲಿ ಹೋಯ್ತಲ್ಲ.

ಹೆಂಡತಿ: ಹೋಗಿದ್ದು ನೋಡಿಯೂ ನನ್ನದಕ್ಕೆ ಕೈ ಹಾಕಿದ್ರಾ?

ಮೇಷ್ಟ್ರು: ಒಂದು ಸಲ ಫೇಲಾದ್ರೆ ಶಾಲೆ ಬಿಡಿಸೋಕಾಗುತ್ತಾ?

ಹೆಂಡತಿ: ಬ್ಯಾಂಡಿನೋರ ಕೋಟು ಇವತ್ತು ಕತ್ತರಿಸದಿದ್ರೆ ಶನಿವಾರಕ್ಕೆ ಆಗಲ್ಲ. ಮತ್ತೆ ಅಳತೆ ತಗೊಳ್ಳೋಣ ಅಂದ್ರೆ ಅವರೆಲ್ಲ ಊರಲ್ಲೇ ಇಲ್ಲ. ಎಲ್ಲಿಗೆ ಬಂತು ನಿಮ್ಮ ಪರೀಕ್ಷೆ?

ಮೇಷ್ಟ್ರು ಗಂಭೀರವಾಗಿ ನೋಟ್‌ಬುಕ್ ತೆರೆದರು.

ಮೇಷ್ಟ್ರು: ಹತ್ತು ಗಂಟೆ ಹನ್ನೆರಡು ನಿಮಿಷ. 'ಭಾಷೆ ಆರಿಸಿ, ಮುಂದುವರಿಯಿರಿ' ಅಂತ ಬಂತು. ಕನ್ನಡ ಆರಿಸಿದೆ. ಏನೂ ಆಗಲಿಲ್ಲ. ಹತ್ತು ಹದಿಮೂರು. ಮತ್ತೆ ಕನ್ನಡ ಆರಿಸಿದೆ. ಮತ್ತೆ ಏನೂ ಆಗಲಿಲ್ಲ. ಹತ್ತು ಹದಿನಾಲ್ಕು...

ಹೆಂಡತಿ: ಈಗ ಗಂಟೆ ಒಂದು.

ಮೇಷ್ಟ್ರು: ಹೌದು, ನಾಲ್ಕು ಪುಟ ಆಗಿದೆ. ಎರಡು ಸಲ ಆಫ್ ಮಾಡಿ ಆನ್ ಮಾಡಿದೆ, ಮೌಸು ಬದಲಾಯಿಸಿದೆ. ಊಹೂಂ.

ಹೆಂಡತಿ: ಬೇರೆ ಯಾವುದಾದ್ರೂ ಕೀಲಿ ಒತ್ತಿ ನೋಡಿದ್ರಾ?

ಮೇಷ್ಟ್ರು: ಛೆ. ಮೂವತ್ತು ವರ್ಷ ಪರೀಕ್ಷಾ ಕೊಠಡಿಯಲ್ಲಿ ನಿಂತೋನು ನಾನು. ಅದು ಕೇಳಿದ್ದಷ್ಟೇ ಕೊಡಬೇಕು. ಕೇಳದೇ ಇರೋದನ್ನ ನಾನಾಗೇ ಒತ್ತಿದ್ರೆ ನಕಲು ಹೊಡೆಸಿದಂಗೆ.

ಹೆಂಡತಿ ಮೂಗಿನ ಮೇಲೆ ಕನ್ನಡಕ ಏರಿಸಿ, ಮೇಜಿನ ಮೇಲೆ ಹರಡಿದ ಬಟ್ಟೆಯ ಥಾನನ್ನು ನೋಡುವ ಹಾಗೆ ಪರದೆಯನ್ನು ನೋಡಿದಳು. ಅವಳು ಬೈಯುವುದನ್ನು ನಿಲ್ಲಿಸಿದರೆ ಮೇಷ್ಟ್ರಿಗೆ ಭಯ ಜಾಸ್ತಿ.

ಹೆಂಡತಿ: ರೀ, ಇದಕ್ಕೆ ಕೆಳಗಡೆ ಅಂಚೇ ಇಲ್ಲ.

ಮೇಷ್ಟ್ರು: ಏನು?

ಹೆಂಡತಿ: ಮೇಲೆ ನೀಲಿ ಗೆರೆ ಇದೆ, ಎಡಕ್ಕಿದೆ, ಬಲಕ್ಕಿದೆ. ಕೆಳಗಿಲ್ಲ. ಅಂದ್ರೆ ಪುಟ ಮುಗಿದಿಲ್ಲ, ಪರದೆಯಿಂದಾಚೆ ಜೋತು ಬಿದ್ದಿದೆ. ಆ 'ಮುಂದುವರಿಯಿರಿ' ಬಟನ್ ಅಲ್ಲಿದೆ.

ಮೇಷ್ಟ್ರು ಬಗ್ಗಿ ಮೇಜಿನ ಕೆಳಗೆ ನೋಡಿದರು. ನೋಡಿದ ಮೇಲೆ ಅವರಿಗೇ ನಾಚಿಕೆಯಾಯಿತು.

ಮೇಷ್ಟ್ರು: ಮೌಸು ಅಲ್ಲಿಗೆ ಹೋಗಲ್ವಲ್ಲೇ.

ಹೆಂಡತಿ: ಅಳತೆ ತುಂಬೋವಾಗ ನಾನು ಮೌಸು ಹಿಡೀತೀನಾ? ಟ್ಯಾಬ್ ಒತ್ತಿದ್ರೆ ಎದೆಯಿಂದ ಸೊಂಟಕ್ಕೆ, ಸೊಂಟದಿಂದ ತೋಳಿಗೆ ತಾನೇ ಹೋಗುತ್ತೆ. ಒತ್ತಿ.

ಮೇಷ್ಟ್ರು: ಇದು ನಕಲು...

ಹೆಂಡತಿ: ಒತ್ರೀ.

ಟ್ಯಾಬ್, ಇನ್ನೊಂದು ಟ್ಯಾಬ್, ಎಂಟರ್. ಪುಟ ಸರಕ್ಕನೆ ಮಗುಚಿತು. ಅರ್ಧ ಗಂಟೆಯಲ್ಲಿ ಕಂಪ್ಯೂಟರ್ ಎದ್ದು ಕೂತಿತು. 'ಬ್ಯಾಂಡ್ ಕೋಟು' ಫೈಲು ತೆರೆದಾಗ ಹನ್ನೆರಡು ಜನರ ಎದೆ, ಸೊಂಟ, ತೋಳು ಎಲ್ಲ ಇದ್ದಲ್ಲೇ ಇದ್ದವು. ಹೆಂಡತಿ ಸೀಮೆಸುಣ್ಣ ಕೈಗೆತ್ತಿಕೊಂಡಳು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಆದರೂ ಕಂಪನಿಗೆ ಕಳಿಸಬೇಕಾದ ವರದಿಯ ಮುಂದೆ ಕೂತು ಬೆರಳು ಆಡಿಸುತ್ತಲೇ ಇದ್ದರು.

ಮೇಷ್ಟ್ರು: 'ತಪ್ಪು ಕಂಡುಹಿಡಿದವರು' ಅಂತ ಕೇಳ್ತಿದೆ.

ಹೆಂಡತಿ: ನಿಮ್ಮ ಹೆಸರೇ ಹಾಕ್ಕೊಳ್ಳಿ. ವರ್ಷದಿಂದ ಒದ್ದಾಡ್ತಿದೀರಿ.

ಆಸೆಯೇನೋ ಬೆಟ್ಟದಷ್ಟಿತ್ತು. ಆದರೆ ಪಕ್ಕದವರ ಉತ್ತರ ನೋಡಿ ಬರೆದವರನ್ನು ಮೂವತ್ತು ವರ್ಷ ಎದ್ದು ನಿಲ್ಲಿಸಿದ ಮನುಷ್ಯ. ನಿಟ್ಟುಸಿರು ಬಿಟ್ಟು, 'ನಮ್ಮ ಮನೆಯ ದರ್ಜಿ' ಎಂದು ಬರೆದು ಕಳಿಸಿದರು.

ಮೂರನೇ ಕೋಟಿಗೆ ಕತ್ತರಿ ಹಾಕುವ ಹೊತ್ತಿಗೆ ಉತ್ತರ ಬಂತು.

ಮೇಷ್ಟ್ರು: ಬಂತು ಕಣೇ! 'ಈ ತಪ್ಪು ಇದುವರೆಗೆ ಯಾರಿಗೂ ಕಂಡಿರಲಿಲ್ಲ. ಇಂಥ ಕಣ್ಣು ನಮ್ಮ ಕಚೇರಿಗೆ ಬೇಕು. ನಿಮ್ಮ ದರ್ಜಿ ನಮ್ಮ ಜೊತೆ ಕೆಲಸ ಮಾಡುವರೇ?' ಏನು ಬರೀಲಿ?

ಹೆಂಡತಿ ತಲೆ ಎತ್ತಲಿಲ್ಲ.

ಹೆಂಡತಿ: ಆಗಲ್ಲ ಅಂತ ಬರೀರಿ. ಅಳತೆ ನೋಡದೆ ಕತ್ತರಿ ಹಾಕೋರು ಒಬ್ರು ಆಗಲೇ ಮನೇಲಿದಾರೆ, ಅವರನ್ನ ಸುಧಾರಿಸೋದ್ರಲ್ಲೇ ಸಾಕಾಗಿದೆ.

ಮೇಷ್ಟ್ರು ಅಕ್ಷರ ಬಿಡದೆ ಹಾಗೇ ಬರೆದು ಕಳಿಸಿದರು.