ಮ್ಯಾಲಿನ ಹಲ್ಲಿನ ನರ

ಅಮೀನಗಡದ ಕರದಂಟಿನ ಒಂದು ಚೂರು ಅಂದಪ್ಪನ ಮೇಲಿನ ದವಡೆಯ ತೂತುಬಿದ್ದ ಹಲ್ಲಿನೊಳಗೆ ಹೋಗಿ ಕೂತಿತು. ಆ ತೂತೇನು ನಿನ್ನೆ ಮೊನ್ನೆಯದಲ್ಲ. ಎರಡು ವರ್ಷದಿಂದ ತಣ್ಣೀರು ಕುಡಿದರೆ ಜುಮ್ಮೆನ್ನುತ್ತಿತ್ತು. ಆಗೆಲ್ಲ ಈ ಮಹಾನುಭಾವ ಒಂದು ಚಿಟಿಕೆ ತಂಬಾಕು ತುರುಕಿ ಅದರ ಬಾಯಿ ಮುಚ್ಚಿಸುತ್ತಿದ್ದ. ಇವತ್ತು ಮಾತ್ರ ಅದು ಕೇಳಲಿಲ್ಲ. ನೋವು ಹಣೆಯತನಕ ಸಿಡಿಯಿತು.

"ಇಳಕಲ್ಲಾಗ ಹಲ್ಲಿನ ದವಾಖಾನಿ ಐತಿ. ಇವತ್ತರ ಹೋಗೂಣ ನಡ್ರಿ," ಅಂದಳು ಹೆಂಡತಿ ಶಿವಗಂಗಾ.

ಅಷ್ಟರಲ್ಲಿ ಪಕ್ಕದ ಮನೆಯ ನೇಕಾರ ಮಾಳಪ್ಪ ಬಂದ. ಕರೆದವರಾರು, ಕೇಳಬೇಡಿ. ಮೊಬೈಲಿನ ಬೆಳಕು ಹಿಡಿದು ಅಂದಪ್ಪನ ಬಾಯೊಳಗೆ ಇಣುಕಿದ.

"ಲೇ ಅಂದಪ್ಪ, ಇದು ಮ್ಯಾಲಿಂದಲೋ. ಕೆಳಗಿಂದಾಗಿದ್ರ ಕಿತ್ತ ಒಗೀಬಹುದಿತ್ತು. ಮ್ಯಾಲಿನ ಹಲ್ಲಿನ ನರ ಸೀದಾ ಕಣ್ಣಿಗಿ ಹೋಗಿರತೈತಿ. ಹುನಗುಂದದಾಗ ನಮ್ಮ ಮಾವ ಮ್ಯಾಲಿಂದ ಕೀಳಿಸಿದ, ಎಂಟ ದಿನಕ್ಕ ಕಣ್ಣ ಹೋದವು."

"ನಿಮ್ಮ ಮಾವಗ ಎಂಬತ್ತೈದ ವರ್ಷ. ಕಣ್ಣಿಗಿ ಮೊದಲ ಪೊರಿ ಬಂದಿತ್ತು," ಅಂದಳು ಶಿವಗಂಗಾ.

ಆಕೆಯ ಮಾತು ಯಾರಿಗೆ ಬೇಕು? ಅಂದಪ್ಪ ಎರಡೂ ಕಣ್ಣು ಉಜ್ಜಿಕೊಂಡ. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕುವವ ಅವನು. ಕೂದಲಿನಂಥ ಸಾವಿರಾರು ಎಳೆ. ಕಣ್ಣು ಹೋದರೆ ಮಗ್ಗವೂ ಹೋಯಿತು, ರೊಟ್ಟಿಯೂ ಹೋಯಿತು.

ಎದುರುಮನೆಯ ಸೋಮವ್ವ ಲವಂಗ ತಂದಳು. "ಕಚಗೊಂಡ ಕುಂದ್ರಪ್ಪಾ. ಕುರುಡ ಆಗೂದಕಿಂತ ಹಲ್ಲಬ್ಯಾನಿ ಪಾಡ."

ಲವಂಗ ಆಯಿತು, ಕರ್ಪೂರ ಆಯಿತು, ಮತ್ತೆ ತಂಬಾಕೂ ಆಯಿತು. ಮಧ್ಯಾಹ್ನದ ಹೊತ್ತಿಗೆ ಅಂದಪ್ಪ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದ. ಶಿವಗಂಗಾ ಅವನ ರಟ್ಟೆ ಹಿಡಿದು ದವಾಖಾನೆಗೆ ಎಳೆದೊಯ್ದಳು.

ಒಳಗೆ ಹೋದವ ಅವನೊಬ್ಬನೇ. ಕುರ್ಚಿ ಹಿಂದಕ್ಕೆ ವಾಲಿತು, ಪಕ್ಕದಲ್ಲಿ ಇಕ್ಕಳ ಹೊಳೆಯಿತು. ಅಂದಪ್ಪನ ಕಾಲುಗಳು ಕುರ್ಚಿಯ ಮೇಲೇ ಮಗ್ಗ ತುಳಿಯತೊಡಗಿದವು.

"ಯಾವ ಹಲ್ಲ ನೋಯತೈತ್ರಿ?" ಡಾಕ್ಟರ್ ಫರಹಾನಾ ಕೇಳಿದರು.

ಅಂದಪ್ಪ ಬಾಯೊಳಗೆ ಬೆರಳಿಟ್ಟು ತೋರಿಸಿದ.

"ಇದೂ ಹುಳುಕ ಹಿಡದೈತಿ ಖರೆ, ಆದ್ರ ಉಳಸಬಹುದು. ಇನ್ನೊಂದ ಮಾತ ಹೇಳ್ತೇನಿ, ನಿಮ್ಮ..."

"ಏನೂ ಹೇಳಬ್ಯಾಡ್ರಿ ಮೇಡಂ, ಇದ್ದ ಧೈರ್ಯನೂ ಹೋಗತೈತಿ. ಕಿತ್ತಬಿಡ್ರಿ," ಅಂತ ಅಂದಪ್ಪ ಕಣ್ಣು ಮುಚ್ಚಿದ. ಅವರು ಮೂರು ಸಲ ಹೇಳಿ ನೋಡಿದರು. ಇವನು ಮೂರು ಸಲವೂ ಕೈ ಮುಗಿದ.

ಮನೆಗೆ ಬಂದಾಗ ಮಾಳಪ್ಪ ಕಟ್ಟೆಯ ಮೇಲೆ ಕಾಯುತ್ತಲೇ ಇದ್ದ. ಮುಖದ ಮುಂದೆ ಬೆರಳು ಹಿಡಿದ. "ಎಷ್ಟ ಅದಾವ?"

ಬಾಯಲ್ಲಿ ಹತ್ತಿ ಕಚ್ಚಿಕೊಂಡಿದ್ದ ಅಂದಪ್ಪ ಮೂರು ಬೆರಳು ತೋರಿಸಿದ. ಲೆಕ್ಕ ಸರಿ ಬಂತು. ಮಾಳಪ್ಪನ ಮುಖ ಸಪ್ಪಗಾಯಿತು. "ಎಂಟ ದಿನ ತಡೀರಿ," ಅಂದ.

ಎಂಟು ದಿನ ಬೇಕಾಗಲಿಲ್ಲ. ಸಂಜೆ ಡಾಕ್ಟರು ಕೊಟ್ಟ ನೋವಿನ ಗುಳಿಗೆಯ ಗುಣ ಇಳಿಯುತ್ತಲೇ ಹಣೆಯತನಕ ಅದೇ ಸಿಡಿತ. ಅಂದಪ್ಪ ನೆಲಕ್ಕೆ ಬಿದ್ದು ಹೊರಳಿದ. ಸೋಮವ್ವ ಅಳಲು ಕೂತಳು. "ನರ ಎದ್ದೈತಿ, ಇನ್ನ ಕಣ್ಣಿನ ಆಸೆ ಬಿಡ್ರಿ," ಅಂದ ಮಾಳಪ್ಪ.

ಶಿವಗಂಗಾ ಗಂಡನ ಬಾಯಿ ತೆಗೆಸಿ ಬೆಳಕು ಹಿಡಿದಳು.

"ಮ್ಯಾಲಿಂದ ಇದ್ದಲ್ಲೇ ಐತಲ್ರಿ. ಕೆಳಗಿಂದ ಎಲ್ಲಿ ಹೋತು?"

ಅಂದಪ್ಪ ಗೋಡೆಯ ಕಡೆ ಹೊರಳಿದ. "ಮ್ಯಾಲಿಂದ ಕಿತ್ರ ಕಣ್ಣ ಹೋಗ್ತಾವು. ನೀ ನೋಡಿದ್ರ ಬಿಡಾಕಿ ಅಲ್ಲ. ಅದಕ್ಕ ಕೆಳಗಿಂದ ತೋರ್ಸಿದ್ನಿ."

ಆಕೆ ಅವನ ಜೇಬಿನಿಂದ ಡಾಕ್ಟರ ಚೀಟಿ ಎಳೆದು ಗಟ್ಟಿಯಾಗಿ ಓದಿದಳು. "ನೋವಿನ ಮೂಲ ಮೇಲಿನ ಹಲ್ಲು. ಅದನ್ನು ಕೀಳುವುದು ಬೇಡ, ಬೇರು ಸ್ವಚ್ಛ ಮಾಡಿ ತುಂಬಿದರೆ ಸಾಕು. ನಾಳೆಯೇ ಬರಬೇಕು. ಕೆಳಗಿನದನ್ನು ರೋಗಿ ಹಟ ಹಿಡಿದು ಕೀಳಿಸಿಕೊಂಡಿದ್ದಾರೆ."

ಅಂದಪ್ಪ ಗಲ್ಲ ಹಿಡಿದು ಕೂತ. ಮೇಲಿನದು ನೋಯುತ್ತಿತ್ತು, ಕೆಳಗಿನದು ಇರಲಿಲ್ಲ.