ನೀಲಕ್ಕನ ಅರೆಬಳೆ ಯಂತ್ರ

“ನಮ್ಮ ಗಿರಣಿ ಖಾರದ ಪುಡಿ ನಾ ಹೇಳಿದ ಮಾತು ಕೇಳತೈತ್ರಿ! ನಿನ್ನೆ ಒಂದು ಹಿಡಿ ಹಾರಿ ಹುಬ್ಬಳ್ಳಿ ಮುಟ್ಟಿತ್ತು. ‘ಏ, ಬಾ ಇಲ್ಲೆ’ ಅಂದೆ. ದಾರಿ ಕೇಳ್ಕೋತ ಬಂದು ಚೀಲದಾಗ ಕುಂತತಿ!”

ಬ್ಯಾಡಗಿಯ ಗಿರಣಿ ಶಿದ್ರಾಮಪ್ಪ ಹೀಗೆಂದರೂ ಓಣಿಯವರು ನಗಲಿಲ್ಲ. ಅವರೆಲ್ಲ ಮೂಗಿಗೆ ಸೆರಗು, ಟವೆಲು ಒತ್ತಿಕೊಂಡೇ ಬಂದಿದ್ದರು. ಇವತ್ತೂ ಖಾರದ ಘಾಟು ಹೊರಗೆ ಬಂದರೆ ಗಿರಣಿ ಬಂದ್ ಎಂದು ಪಕ್ಕದ ಮನೆಯ ದ್ಯಾಮವ್ವ ತೀರ್ಪು ಕೊಟ್ಟಾಗಿತ್ತು.

ಶಿದ್ರಾಮಪ್ಪನಿಗೇನು ಅಂಜಿಕೆ? ಎದುರುಮನೆಯ ನೀಲಕ್ಕ ಇದ್ದಳಲ್ಲ! ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದ ನೀಲಕ್ಕ ಲೆಕ್ಕಕ್ಕೆ ಕುಳಿತರೆ ಸಿಡಿಲೂ ಕೈಕಟ್ಟಿ ನಿಲ್ಲುತ್ತದೆ ಎಂದು ಅವನು ಊರಿಗೆಲ್ಲ ಸಾರಿದ್ದ.

“ಪುಡಿ ಬೀಳೋ ಬಾಯಿ ಮ್ಯಾಲೆ ತಾಮ್ರದ ಅರ್ಧ ಬಳಿ ಕಮಾನಿನಂಗ ನಿಲ್ಲಿಸೀನಿ,” ಎಂದಳು ನೀಲಕ್ಕ. “ಬಳಿಗೂ ಪುಡಿಗೂ ಒಂದ ಥರದ ವಿದ್ಯುತ್ತು. ಬಳಿಯ ಒಂದೊಂದು ಚೂರೂ ಪುಡಿನ್ನ ದೂರ ನೂಕತೈತಿ. ಎಡಗಡೆ ನೂಕು ಬಲಗಡೆ ನೂಕಿಗೆ ವಜಾ. ಉಳಿಯೋದು ಕೆಳಗಿನ ನೂಕೊಂದ. ಸೀದಾ ಚೀಲಕ್ಕ!”

ಬೆಳಿಗ್ಗೆ ಪರೀಕ್ಷೆ ಮಾಡಿದಾಗ ಒಂದು ಕಣವೂ ಹಾರಿರಲಿಲ್ಲ. ಆಮೇಲೆ ಶಿದ್ರಾಮಪ್ಪ ಯಂತ್ರಕ್ಕೆ ಪೂಜೆ ಮಾಡಿ, ಒಳಗೇನಿದೆಯೆಂದು ಕಾಣದಷ್ಟು ಚೆಂಡುಹೂವಿನ ಹಾರ ಹೇರಿದ್ದ.

ಸ್ವಿಚ್ ಒತ್ತಿದ. ಪುಡಿ ಚೀಲಕ್ಕೆ ಇಳಿಯಲಿಲ್ಲ. ಹಾರದ ನಡುವೆ ಕೆಂಪು ಲಾಡುವಿನಂತೆ ತೇಲುತ್ತ ನಿಂತಿತು!

“ನನ್ನ ಅಪ್ಪಣೆಗೆ ಕಾಯಾಕತ್ತೈತಿ ನೋಡ್ರಿ!” ಎಂದ ಶಿದ್ರಾಮಪ್ಪ.

ಲಾಡು ಕುಂಬಳಕಾಯಿಯಷ್ಟಾಯಿತು. ದ್ಯಾಮವ್ವ ಬಗ್ಗಿ ನೋಡಿ ಉಸಿರುಬಿಟ್ಟಳು. ಅಷ್ಟೇ! ಅರ್ಧ ಪುಡಿ ಓಣಿಗೆ, ಅರ್ಧ ಗಿರಣಿಯೊಳಕ್ಕೆ ಚಿಮ್ಮಿತು. ಹೂವೂ ಹಿಂದೆಯೇ ಹಾರಿತು. ಸೀನಿನ ಅಬ್ಬರಕ್ಕೆ ಹೆಂಚುಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ವಲಸೆ ಹೋದವು. ಹಲ್ಲಿಗಳೂ ಗೋಡೆ ಹಿಡಿದುಕೊಂಡು ಸೀನಿದವು!

“ಕೀಲಿ ತರ್ರಿ!” ಕಣ್ಣೊರೆಸುತ್ತ ಕೂಗಿದಳು ದ್ಯಾಮವ್ವ. “ಗಿರಣಿ ಬಂದ್!”

“ಅಕ್ಕಾರ ಲೆಕ್ಕ ಒಂಚೂರು...” ಎಂದು ಶಿದ್ರಾಮಪ್ಪ ರಾಗ ಎಳೆದ.

ನೀಲಕ್ಕ ಉಳಿದ ಹೂ ಸರಿಸಿದಳು. “ಇದು ಪೂರ್ತಿ ಬಳಿ! ನಟ್ಟನಡುವೆ ಎಲ್ಲಾ ನೂಕೂ ವಜಾ ಆಗಿ ಪುಡಿ ನಿಲ್ತೈತಿ, ಚೂರು ಸರಿದ್ರ ಎರಡೂ ಬದಿಗೆ ಚಿಮ್ಮತೈತಿ. ಕೆಳಗಿನ ಅರ್ಧ ಯಾರು ಹಚ್ಚಿದ್ದು, ಶಿದ್ರಾಮಾ?”

ಲೆಕ್ಕ ತಪ್ಪೆಂದರೆ ಗಿರಣಿ ಹೋಗುತ್ತದೆ, ನಿಜ ಹೇಳಿದರೆ ಮಾನ. ಶಿದ್ರಾಮಪ್ಪ ಒಮ್ಮೆ ಜೋರಾಗಿ ಸೀನಿದ.

“ಲೆಕ್ಕ ಬಂಗಾರದಂಗ ಐತ್ರಿ. ಪೂಜಿ ಮುಂದ ಒಡೆದ ಬಳಿ ಇದ್ರ ಅಪಶಕುನ ಅಂತ... ನಾನ ಇನ್ನರ್ಧ ಮಾಡಿಸಿ ಹಚ್ಚಿದೆ.”

ನೀಲಕ್ಕ ಆ ಅರ್ಧವನ್ನು ಕಿತ್ತು ಸ್ವಿಚ್ ಒತ್ತಿದಳು. ಪುಡಿ ತಲೆತಗ್ಗಿಸಿ ಚೀಲಕ್ಕಿಳಿಯಿತು.

ದ್ಯಾಮವ್ವ ಮೂಗಿನ ಸೆರಗು ತೆಗೆದಳು. “ಗಿರಣಿ ನಡೀಲಿ. ಕೀಲಿ ಬಾಗಿಲಿಗೆ ಬ್ಯಾಡ, ಇವನ ಕೈಗೆ ಜಡೀರಿ.”