ಗಡಿಯಾರ ಗೋಪುರದ ಏಣಿ: ಕೊಳ್ಳುವುದೋ, ಬಾಡಿಗೆಗೋ?

ನಗರಸಭೆಗೆ ಸೇರಿದ ಯಾವುದೇ ಏಣಿಯ ಆಯುಷ್ಯ ಇಪ್ಪತ್ತು ವರ್ಷ ಎಂದು ನಿಯಮಾವಳಿಯಲ್ಲಿ ಸ್ಪಷ್ಟವಾಗಿ ಹೇಳಲಾಗಿದೆ. ಇಪ್ಪತ್ತು ತುಂಬಿದ ದಿನ ಮಧ್ಯಾಹ್ನ ಹನ್ನೆರಡಕ್ಕೆ ಏಣಿಯ ಬೆಲೆ ಸೊನ್ನೆಯಾಗುತ್ತದೆ. ಬೆಲೆಯಿಲ್ಲದ ವಸ್ತುವಿನ ಮೇಲೆ ಸಿಬ್ಬಂದಿ ಕಾಲಿಡತಕ್ಕದ್ದಲ್ಲ.

ಗಡಿಯಾರ ಗೋಪುರದ ಏಣಿಗೆ ಇಪ್ಪತ್ತು ತುಂಬಿದ ದಿನ ಗಡಿಯಾರ ರಿಪೇರಿಯವನು ಮೇಲಿದ್ದ. ಗೋಪುರಕ್ಕೆ ಮೆಟ್ಟಿಲುಗಳಿಲ್ಲ, ಕಟ್ಟುವ ಕಾಲದಲ್ಲಿ ಮೆಟ್ಟಿಲಿನ ಹಣವೆಲ್ಲ ಉದ್ಘಾಟನಾ ಸಮಾರಂಭಕ್ಕೆ ಖರ್ಚಾಗಿ, ಅದೂ ಸಾಲದೆ ಬಂದಿತ್ತು. ಬಹಳ ಕಾಲದಿಂದ ನಿಂತುಹೋಗಿದ್ದ ಗಡಿಯಾರವನ್ನು ಅವನು ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ಮುಳ್ಳುಗಳನ್ನು ಸರಿಯಾದ ಹೊತ್ತಿಗೆ ತಂದಿಟ್ಟ. ಗಡಿಯಾರ ಢಣ್ ಢಣ್ ಎಂದು ಹನ್ನೆರಡು ಹೊಡೆಯಿತು. ಕೆಳಗಿದ್ದ ಉಗ್ರಾಣದ ಮೇಲ್ವಿಚಾರಕರು ಅದನ್ನು ಕೇಳಿದವರೇ ಏಣಿಯನ್ನು ಎತ್ತಿಕೊಂಡು ಹೋಗಿ, ಹರಾಜು ಹಾಕಿಸಿ, ಸೌದೆ ಅಂಗಡಿಗೆ ಒಪ್ಪಿಸಿದರು. ಕರ್ತವ್ಯದಲ್ಲಿ ಅವರು ಒಂದು ಕ್ಷಣವೂ ತಡಮಾಡಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು.

“ಸಾರ್, ನಾನಿನ್ನೂ ಇಳಿದಿಲ್ಲ!” ಎಂದು ರಿಪೇರಿಯವನು ಮೇಲಿಂದ ಕೂಗಿದ.

“ಅರ್ಜಿ ಕೊಡಪ್ಪ,” ಎಂದರು ವಾಪಸು ಬಂದ ಮೇಲ್ವಿಚಾರಕರು.

“ಇಲ್ಲಿಂದ ಹೇಗ್ ಕೊಡ್ಲಿ?”

“ಬಿಸಾಕು.”

ಅವನು ಬಿಸಾಕಿದ. ಅರ್ಜಿ ಗಾಳಿಗೆ ತೇಲಿ, ನಗರಸಭೆಯ ಕಿಟಕಿಯಿಂದ ಒಳಹೊಕ್ಕು, ಲೆಕ್ಕಾಧಿಕಾರಿಗಳ ಮೇಜಿನ ಮೇಲೆ ಇಳಿಯಿತು. ಕೊಟ್ಟ ದಿನವೇ ಅರ್ಜಿಯೊಂದು ಮೇಜು ತಲುಪಿದ್ದು ಆ ಕಚೇರಿಯಲ್ಲಿ ಅದೇ ಮೊದಲು.

ಲೆಕ್ಕಾಧಿಕಾರಿಗಳನ್ನು ಎಲ್ಲರೂ ದಶಾಂಶ ಸಾಹೇಬರು ಎನ್ನುತ್ತಿದ್ದರು. ಹೊಟ್ಟೆ ಎಷ್ಟು ಹಸಿದಿದೆ ಎಂದು ಕೇಳಿದರೂ ಅವರು ಎರಡು ದಶಾಂಶ ಸ್ಥಾನದವರೆಗೆ ಹೇಳುತ್ತಿದ್ದರು. ಅರ್ಜಿ ಓದಿ ಅವರು ಉಲ್ಲಸಿತರಾದರು. ಹೊಸ ಏಣಿ ಬೇಕು, ಸರಿ. ಆದರೆ ಕೊಳ್ಳುವುದೋ, ಬಾಡಿಗೆಗೆ ತರುವುದೋ? ಊರಿನಲ್ಲಿ ಅಷ್ಟು ಎತ್ತರದ ಏಣಿ ಒದಗಿಸುವ ಅಂಗಡಿ ಒಂದೇ. ಅದು ಅಧ್ಯಕ್ಷರ ಭಾವಮೈದುನನದು. ಕೊಂಡರೆ ಎಂಬತ್ತು ಸಾವಿರ. ಬಾಡಿಗೆಗಾದರೆ ವರ್ಷಕ್ಕೆ ಹತ್ತು ಸಾವಿರದಂತೆ ಇಪ್ಪತ್ತು ವರ್ಷ.

ಅಷ್ಟರಲ್ಲಿ ಗೋಡೆಗೆ ಬಣ್ಣ ಹೊಡೆಯುವ ಪೇಂಟರ್ ಒಬ್ಬ ತನ್ನ ಏಣಿಯನ್ನು ಹೆಗಲ ಮೇಲೆ ಹೊತ್ತು ಬಂದ.

“ಸಾರ್, ಒಂದೈದು ನಿಮಿಷದ ಕೆಲಸ. ಒರಗಿಸ್ತೀನಿ, ಇಳೀತಾನೆ, ಎತ್ಕೊಂಡು ಹೋಗ್ತೀನಿ.”

“ಎಷ್ಟಾಗುತ್ತೆ?”

“ಒಂದು ಲೋಟ ಚಹಾ ಕೊಡಿಸಿ, ಸಾಕು.”

ಸಾಹೇಬರು ಲೆಕ್ಕ ಹಾಕಿದರು. ಐದು ನಿಮಿಷಕ್ಕೆ ಒಂದು ಲೋಟವಾದರೆ ಇಪ್ಪತ್ತು ವರ್ಷಕ್ಕೆ ಇಪ್ಪತ್ತೊಂದು ಲಕ್ಷ ಲೋಟ. “ಇಷ್ಟು ಚಹಾ ನಗರಸಭೆಯ ಕೈಲಾಗಲ್ಲಪ್ಪ,” ಎಂದು ಮರುಕದಿಂದ ಅವನನ್ನು ಕಳಿಸಿಕೊಟ್ಟರು.

ಅವನ ಹಿಂದೆಯೇ ರಿಪೇರಿಯವನ ಹೆಂಡತಿ ಒಳಗೆ ಬಂದಳು. ಆ ದಿನ ಬೆಳಿಗ್ಗೆ ಗಂಡ ಹೆಂಡತಿಗೆ ಸಣ್ಣದೊಂದು ಜಗಳವಾಗಿತ್ತು. “ನೀವು ಮನೆಯಿಂದಾಚೆ ಹೋದ್ರೆ ಬರೋದೇ ಇಲ್ಲ,” ಎಂದು ಅವಳೂ, “ಇವತ್ತು ಬೇಗ ಬರ್ತೀನಿ ಕಣೇ,” ಎಂದು ಅವನೂ ಹೇಳಿದ್ದರು.

“ಇವರನ್ನ ಯಾವಾಗ ಇಳಿಸ್ತೀರಿ ಸಾರ್?”

“ಕೂತ್ಕೊಳ್ಳಿ ತಾಯಿ. ಇದರಲ್ಲಿ ನಿವ್ವಳ ಪ್ರಸ್ತುತ ಮೌಲ್ಯ ಅಂತ ಒಂದಿದೆ. ಇವತ್ತು ಕೊಡೋ ನೂರು, ನೂರೇ. ಆದ್ರೆ ಮುಂದಿನ ವರ್ಷ ಕೊಡೋ ನೂರು ಇವತ್ತಿನ ಲೆಕ್ಕದಲ್ಲಿ ಬರೀ ತೊಂಬತ್ತೊಂದು. ದೂರ ಹೋದಷ್ಟೂ ಎಲ್ಲದರ ಬೆಲೆ ಇಳಿಯುತ್ತೆ.”

“ಹಾಗಾದ್ರೆ ಮುಂದಿನ ವರ್ಷ ಸಿಗೋ ನನ್ನ ಗಂಡ ಇವತ್ತಿನ ಲೆಕ್ಕದಲ್ಲಿ ಪೂರ್ತಿ ಗಂಡ ಅಲ್ವಾ?”

“ಒಂಬತ್ತು ಪರ್ಸೆಂಟ್ ಕಮ್ಮಿ,” ಎಂದರು ಸಾಹೇಬರು. “ನಿಮಗೆ ಬೇಗ ಅರ್ಥವಾಗುತ್ತೆ. ನಮ್ಮ ಸದಸ್ಯರಿಗೆ ಹೇಳೋದೇ ಕಷ್ಟ.”

ಸದಸ್ಯರ ಸಭೆ ಸೇರಿತು. ಮುಂದಿನ ಹಣವನ್ನು ವರ್ಷಕ್ಕೆ ಶೇಕಡಾ ಹತ್ತರಂತೆ ತಗ್ಗಿಸಿದರೆ ಬಾಡಿಗೆಯ ಇಂದಿನ ಬೆಲೆ ಎಂಬತ್ತೈದು ಸಾವಿರ. ಆದ್ದರಿಂದ ಕೊಳ್ಳುವುದೇ ಲಾಭ. ಶೇಕಡಾ ಹನ್ನೆರಡಾದರೆ ಎಪ್ಪತ್ತೈದು ಸಾವಿರಕ್ಕೂ ಕಡಿಮೆ. ಆದ್ದರಿಂದ ಬಾಡಿಗೆಯೇ ಲಾಭ. ಸದಸ್ಯರು ಅಲ್ಲೇ ಹತ್ತರವರು, ಹನ್ನೆರಡರವರು ಎಂದು ಎರಡು ಪಂಗಡವಾದರು. ಹತ್ತರವರು ಹನ್ನೆರಡರವರ ಮೇಲೆ ನೀರಿನ ಲೋಟ ಎಸೆದರು. ಹನ್ನೆರಡರವರು ಕುರ್ಚಿ ಎಸೆದರು. ಮುರಿದ ಕುರ್ಚಿಗಳ ಬದಲು ಹೊಸವನ್ನು ಕೊಳ್ಳಬೇಕೋ ಬಾಡಿಗೆಗೆ ತರಬೇಕೋ ಎಂಬುದನ್ನು ಉಪಸಮಿತಿಗೆ ಒಪ್ಪಿಸಲಾಯಿತು.

ಚರ್ಚೆ ನಡೆದಷ್ಟು ದಿನವೂ ರಿಪೇರಿಯವನಿಗೆ ಹಗ್ಗಕ್ಕೆ ಕಟ್ಟಿದ ದೊಡ್ಡ ಬುಟ್ಟಿಯಲ್ಲಿ ಊಟ ಹೋಗುತ್ತಿತ್ತು. ಬುಟ್ಟಿಯನ್ನು ಆರೋಗ್ಯ ಶಾಖೆ ಮಂಜೂರು ಮಾಡಿತ್ತು. ಮೇಲೆ ಹೋದದ್ದು ಕೆಳಗೆ ಬರಕೂಡದು, ಬುಟ್ಟಿ ಖಾಲಿಯಾಗಿಯೇ ಇಳಿಯತಕ್ಕದ್ದು ಎಂಬುದು ಶುಚಿತ್ವದ ದೃಷ್ಟಿಯಿಂದ ಮಾಡಿದ ನಿಯಮ. ರಿಪೇರಿಯವನು ಒಮ್ಮೆ ಬುಟ್ಟಿಯೊಳಗೆ ಕಾಲಿಟ್ಟಾಗ ಕಾವಲುಗಾರ ಸೀಟಿ ಊದಿದ. ಅವನು ಕಾಲು ತೆಗೆದ. ಕಾನೂನಿಗೆ ತಲೆಬಾಗುವ ಮನುಷ್ಯ.

ಹೆಂಡತಿಗೆ ದಿನಾ ಕೆಳಗೆ ನಿಂತು ಕತ್ತೆತ್ತಿ ಮಾತಾಡಿ, ಕತ್ತು ಹಿಡಿದುಕೊಂಡಿತ್ತು. ಕಡೆಗೊಂದು ದಿನ ಒಂದು ಪಾತ್ರೆ ಹಾಲು ಹಿಡಿದು ತಾನೇ ಬುಟ್ಟಿಯಲ್ಲಿ ಕೂತಳು.

“ಆಹಾರಕ್ಕೆ ಮಾತ್ರ ಅವಕಾಶ,” ಎಂದ ಕಾವಲುಗಾರ.

“ಹಾಲು ಚೆಲ್ಲದ ಹಾಗೆ ಹಿಡ್ಕೊಳ್ಳೋಕೆ ಏನಾದ್ರೂ ಬೇಡ್ವಾ? ನನ್ನನ್ನ ಪ್ಯಾಕಿಂಗ್ ಅಂತ ಬರ್ಕೋ.”

ಪ್ಯಾಕಿಂಗ್‌ಗೆ ಯಾವ ನಿಷೇಧವೂ ಇರಲಿಲ್ಲ. ನಾಲ್ಕು ಜನ ಹಗ್ಗ ಎಳೆದರು. ಮೇಲೆ ತಲುಪಿದಾಗ ಗಂಡ ಅವಳ ಕೈ ಹಿಡಿದು ಒಳಗೆಳೆದುಕೊಂಡು, “ಹಾಲು ಚೆಲ್ತೇನೇ?” ಎಂದ. ಅವಳು ಅವನ ಗಡ್ಡ ನೋಡಿ ಬಿದ್ದುಬಿದ್ದು ನಕ್ಕಳು, ಆಮೇಲೆ ಸ್ವಲ್ಪ ಅತ್ತಳು.

ಇತ್ತ ದಶಾಂಶ ಸಾಹೇಬರಿಗೆ ಸ್ನಾನದ ಮನೆಯಲ್ಲಿ ಮೂರನೆಯ ದಾರಿ ಹೊಳೆಯಿತು. ಅವರು ಒದ್ದೆ ತಲೆಯಲ್ಲೇ ಸಭೆಗೆ ಓಡಿಬಂದರು. “ಕೊಳ್ಳೋದೂ ಬೇಡ, ಬಾಡಿಗೆಯೂ ಬೇಡ. ತಡಮಾಡೋಣ! ಮುಂದಿನ ವರ್ಷ ಕೊಂಡರೆ ಎಂಬತ್ತು ಸಾವಿರದ ಇಂದಿನ ಬೆಲೆ ಎಪ್ಪತ್ತಮೂರು ಸಾವಿರಕ್ಕೂ ಕಡಿಮೆ. ಮೂವತ್ತು ವರ್ಷ ಬಿಟ್ಟು ಕೊಂಡರೆ ನಾಲ್ಕೂವರೆ ಸಾವಿರ ಚಿಲ್ಲರೆ. ನೂರು ವರ್ಷ ಬಿಟ್ಟು ಕೊಂಡರೆ, ಮಹನೀಯರೇ, ಆರು ರೂಪಾಯಿ! ಬರೀ ಆರು!”

ಹತ್ತರವರೂ ಹನ್ನೆರಡರವರೂ ತಬ್ಬಿಕೊಂಡರು. ಆ ಮಳೆಗಾಲಕ್ಕೆ ಸೇತುವೆ, ಆಸ್ಪತ್ರೆಯ ಚಾವಣಿ, ಕುಡಿಯುವ ನೀರಿನ ಕೊಳವೆ ಎಲ್ಲವನ್ನೂ ಇದೇ ಪದ್ಧತಿಯಲ್ಲಿ ಅತ್ಯಂತ ಅಗ್ಗವಾಗಿ ಮುಗಿಸಲಾಯಿತು.

ಆದರೆ ಆರ್ಥಿಕ ವರ್ಷದ ಕೊನೆಗೆ ತೊಂದರೆಯೊಂದು ಎದುರಾಯಿತು. ಇಷ್ಟೆಲ್ಲ ಉಳಿತಾಯವಾದ್ದರಿಂದ ಹಣ ಉಳಿದುಬಿಟ್ಟಿತ್ತು. ಉಳಿದ ಹಣ ಸರ್ಕಾರಕ್ಕೆ ವಾಪಸು ಹೋಗುತ್ತದೆ. ಅಧ್ಯಕ್ಷರು ಗಾಬರಿಯಿಂದ ಅಂದೇ ಭಾವಮೈದುನನ ಅಂಗಡಿಯಿಂದ ಏಣಿ ತರಿಸಿದರು. ಭಾವಮೈದುನ ಅದನ್ನು ಹಿಂದಿನ ವಾರವಷ್ಟೇ ಪೇಂಟರ್‌ನಿಂದ ಐದು ಸಾವಿರಕ್ಕೆ ಕೊಂಡು, ಹಸಿರು ಬಣ್ಣ ಬಳಿಸಿದ್ದ. ಬಣ್ಣ ಬಳಿದದ್ದೂ ಪೇಂಟರ್‌ನೇ. ಅವನಿಗೆ ಈಗ ಏಣಿ ಇರಲಿಲ್ಲವಾದ್ದರಿಂದ ಅದನ್ನೇ ನಗರಸಭೆಯಿಂದ ಬಾಡಿಗೆಗೆ ಪಡೆಯತೊಡಗಿದ. ಏಣಿ ದುಡಿಯುತ್ತಿರುವುದನ್ನು ಕಂಡು ಎಲ್ಲರಿಗೂ ತೃಪ್ತಿಯಾಯಿತು. ಅದನ್ನು ಗೋಪುರಕ್ಕೆ ಒರಗಿಸಿ ನಷ್ಟಮಾಡಿಕೊಳ್ಳುವ ಮಾತನ್ನು ಯಾರೂ ಎತ್ತಲಿಲ್ಲ.

ಹೀಗಿರಲು, ಕೊಂಡ ಆಸ್ತಿಯನ್ನು ಅದು ಇರಬೇಕಾದ ಜಾಗದಲ್ಲೇ ಪರಿಶೀಲಿಸಬೇಕೆಂಬ ಆದೇಶ ಬಂತು. ಒಂದು ಬೆಳಿಗ್ಗೆಯ ಮಟ್ಟಿಗೆ ಪೇಂಟರ್‌ನಿಂದ ಏಣಿ ತರಿಸಿ, ಗೋಪುರಕ್ಕೆ ಒರಗಿಸಿ, ದಶಾಂಶ ಸಾಹೇಬರು ಅದರ ಮೆಟ್ಟಿಲು ಎಣಿಸುತ್ತ ಮೇಲೆ ಹತ್ತಿದರು.

ಮೇಲೆ ಪುಟ್ಟ ಸಂಸಾರವೊಂದು ನಡೆಯುತ್ತಿತ್ತು. ಹಲ್ಲಿನ ಚಕ್ರಗಳ ನಡುವೆ ಬಟ್ಟೆ ಒಣಗಿಸಲು ದಾರ ಕಟ್ಟಿದ್ದರು. ಹೆಂಡತಿ ಚಹಾ ಕೊಟ್ಟಳು.

“ಏಣಿ ಇದೆ,” ಎಂದರು ಸಾಹೇಬರು. “ಸದ್ಯಕ್ಕೆ ಇಳಿಯೋಕೆ ಅಡ್ಡಿಯಿಲ್ಲ.”

ಗಂಡ ಹೆಂಡತಿ ಮುಖಮುಖ ನೋಡಿಕೊಂಡರು.

“ಇಳಿದ್ರೆ ಮನೆ ಬಾಡಿಗೆ ಕಟ್ಬೇಕು,” ಎಂದಳು ಅವಳು. “ಮೇಲಿರೋದಕ್ಕೆ ಇವರಿಗೆ ಸಿಗೋ ಎತ್ತರದ ಭತ್ಯೆ ನಿಲ್ಲುತ್ತೆ. ಮೊದಲೆಲ್ಲ ಬೆಳಿಗ್ಗೆ ಹೋದ್ರೆ ರಾತ್ರಿ ಬರೋರು, ಈಗ ದಿನಾ ಪೂರ್ತಿ ಕಣ್ಣೆದುರೇ ಇರ್ತಾರೆ.”

“ಅದನ್ನ ಖರ್ಚಿನ ಕಡೆ ಬರ್ಕೊಳ್ಳಿ ಸಾರ್,” ಎಂದ ಗಂಡ. ಅವಳು ಅವನ ತಲೆಗೆ ಮೊಟಕಿದಳು.

ಸಾಹೇಬರ ಕಣ್ಣು ಹೊಳೆಯಿತು. ಗಡಿಯಾರದ ಬೆನ್ನಿನ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಶುರುವಾಯಿತು. ಬಾಡಿಗೆ, ಭತ್ಯೆ, ಗಾಳಿ, ಮೊಟಕು, ಎಲ್ಲವೂ ಇಪ್ಪತ್ತು ವರ್ಷದ ಉದ್ದಕ್ಕೂ ಸಾಲಾಗಿ ನಿಂತವು.

“ಸಾರ್, ಏಣಿ ತಗೊಂಡ್ಹೋಗ್ಲಾ? ಕಲಸಿದ ಬಣ್ಣ ಒಣಗ್ತಿದೆ!” ಎಂದು ಪೇಂಟರ್ ಕೆಳಗಿಂದ ಕೂಗಿದ.

“ತಗೊಂಡ್ಹೋಗಪ್ಪ, ಬಾಡಿಗೆ ತಪ್ಪಬಾರದು,” ಎಂದು ಸಾಹೇಬರು ತಲೆಯೆತ್ತದೆ ಹೇಳಿದರು.

ಮೇಲೇ ಇರುವುದು ಲಾಭ ಎಂದು ಉತ್ತರ ಬಂದಾಗ ಮೂವರೂ ಚಪ್ಪಾಳೆ ತಟ್ಟಿದರು. ಆಮೇಲೆ ಸಾಹೇಬರು ಇಳಿಯಲು ಕಾಲು ಚಾಚಿದರು. ಕಾಲಿಗೆ ಏನೂ ಸಿಗಲಿಲ್ಲ. ಅವರು ಕಾಲನ್ನು ಒಳಗೆಳೆದುಕೊಂಡರು. ನಂತರ ಲೆಕ್ಕವನ್ನು ಒರೆಸಿ, ತಮ್ಮ ಬಗ್ಗೆ ಹೊಸದಾಗಿ ಹಾಕಿದರು.

ಫಲಿತಾಂಶವನ್ನು ಮೇಲಿಂದಲೇ ಓದಿ ಹೇಳಿದರು. ಅಧ್ಯಕ್ಷರು ಬಯಲಲ್ಲೇ ಸಭೆ ಕರೆದು ಅನುಮೋದಿಸಿದರು. ಸಾಹೇಬರ ಹೆಂಡತಿ ಓಡೋಡಿ ಬಂದು, “ಇವರನ್ನ ಈಗ ಇಳಿಸಿದ್ರೆ ಲಾಭಾನಾ, ಆಮೇಲಾ?” ಎಂದು ಕೇಳಿದರು. ಆಮೇಲೆ ಎಂದು ಗೊತ್ತಾದ ಮೇಲೆ, “ಹಾಗಾದ್ರೆ ಆಮೇಲೇ ಇಳಿಸಿ,” ಎಂದು ಹೇಳಿ, ನೆಮ್ಮದಿಯಾಗಿ ಮನೆಗೆ ನಡೆದರು.

ಅಂದಿನಿಂದ ಲೆಕ್ಕಪತ್ರ ಶಾಖೆ ಗೋಪುರದ ಮೇಲಿಂದಲೇ ಕೆಲಸ ಮಾಡುತ್ತಿದೆ. ಸಹಿ ಬೇಕಾದವರು ಕೆಳಗೆ ನಿಂತು ಕೂಗಬೇಕು. ಹಿಂದೆ ಮೇಜಿನೆದುರು ನಿಂತು ಕೂಗುತ್ತಿದ್ದುದಕ್ಕಿಂತ ಈಗ ಬೇಗ ಕೇಳಿಸುತ್ತದೆ ಎಂದು ಸಾರ್ವಜನಿಕರು ಸಂತೋಷ ವ್ಯಕ್ತಪಡಿಸಿದ್ದಾರೆ.